ಕೊಡುವವರು ಹೇಳಿದಂತೆ ಹೆಸರು ಹಾಕುವ ಮಹದೇವು

ಮಂಡಿ ಮೊಹಲ್ಲಾದ ಪಾತ್ರೆ ಅಂಗಡಿಯ ಬಾಗಿಲು ಇನ್ನೂ ಮುಚ್ಚಿದೆ. ಬೆಳಕು ಹರಿಯುವುದಕ್ಕೆ ಸ್ವಲ್ಪ ಹೊತ್ತಿದೆ. ಅಂಗಡಿಯ ಜಗಲಿಯ ಮೇಲೆ ಗೋಣಿಚೀಲ ಹಾಸಿಕೊಂಡು, ತಲೆಯ ಮೇಲೊಂದು ಬಲ್ಬು ನೇತುಹಾಕಿಕೊಂಡು ಮಹದೇವು ಕೂತಿದ್ದಾರೆ. ಎರಡು ಮೊಣಕಾಲುಗಳ ನಡುವೆ ಸ್ಟೀಲಿನ ಕೊಳಗ, ಬಲಗೈಯಲ್ಲಿ ಹೆಸರು ಹಾಕುವ ಮಿಷನ್ನು. ಅದರ ಸೂಜಿ ಸ್ಟೀಲಿಗೆ ತಾಗಿದ್ದೇ ತಡ, ಕರ್ರೆಂದು ಸದ್ದು ಶುರುವಾಗುತ್ತದೆ. ಎದುರಿನ ಬೆಲ್ಲದ ಮಂಡಿಯ ಮುಂದೆ ಮಲಗಿದ ನಾಯಿ ಒಂದು ಕಿವಿ ಎತ್ತುತ್ತದೆ, ಇದು ದಿನಾ ಇದ್ದದ್ದೇ ಎಂದು ಮತ್ತೆ ಮಲಗುತ್ತದೆ.

ಮಹದೇವು ಮೊದಲು ಗೆರೆ ಎಳೆದುಕೊಳ್ಳುವುದಿಲ್ಲ, ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳುವುದೂ ಇಲ್ಲ. ಚುಕ್ಕಿಗೆ ಚುಕ್ಕಿ ಸೇರಿ ಅಕ್ಷರವಾಗುತ್ತದೆ, ಅಕ್ಷರ ಸೇರಿ ಯಾರದೋ ಅತ್ತೆ, ಯಾರದೋ ಸೋದರಮಾವ, ಯಾರದೋ ಗೆಳೆಯರ ಬಳಗವಾಗುತ್ತದೆ. ಇಂದು ಮಾತ್ರ ಅವರು ಮತ್ತೆ ಮತ್ತೆ ಮಿಷನ್ನು ನಿಲ್ಲಿಸುತ್ತಾರೆ. ಪಕ್ಕದಲ್ಲಿ ಪೇಪರು ಸುತ್ತಿಟ್ಟ ಒಂದು ಪಾತ್ರೆಯಿದೆ. ಅದನ್ನೊಮ್ಮೆ ನೋಡುತ್ತಾರೆ, ಮುಖ ತಿರುಗಿಸುತ್ತಾರೆ. ಬೇರೆಯವರ ಪಾತ್ರೆಗಳೆಲ್ಲ ಬಂದ ದಿನವೇ ಹೆಸರು ಹಾಕಿಸಿಕೊಂಡು ಹೋಗುತ್ತಿವೆ. ಇದು ಮಾತ್ರ ಒಂದು ವಾರದಿಂದ ಇಲ್ಲೇ ಕೂತಿದೆ.

ಮೈಸೂರಿನ ಯಾವುದಾದರೂ ಅಡುಗೆಮನೆಗೆ ಹೋಗಿ ಹಳೆಯ ಸ್ಟೀಲ್ ಚೊಂಬೊಂದನ್ನು ತಿರುಗಿಸಿ ನೋಡಿ. ಮದುವೆಗೋ ನಾಮಕರಣಕ್ಕೋ ಬಂದದ್ದಾಗಿರುತ್ತದೆ, ಕಂಠದ ಕೆಳಗೆ ಕೊಟ್ಟವರ ಹೆಸರಿರುತ್ತದೆ. ಅಕ್ಷರ ದುಂಡಗಿದ್ದು, ಕೊಂಬು ಕೊಂಚ ಉದ್ದಕ್ಕೆ ಇಳಿದಿದ್ದರೆ ಅದು ಮಹದೇವು ಅವರ ಕೈ ಎಂದು ನಂಬಬಹುದು. ಮೂವತ್ತು ವರ್ಷದಿಂದ ಊರಿನವರ ಹೆಸರನ್ನೆಲ್ಲ ಹಾಕಿದ ಈ ಮನುಷ್ಯನ ಹೆಸರು ಒಂದು ಲೋಟದ ಮೇಲೂ ಇಲ್ಲ. ಕೇಳಿದರೆ ನಗುತ್ತಾರೆ. "ನಮ್ಮನೆ ಪಾತ್ರೆಗೆ ಯಾಕೆ ಹೆಸರು? ನಮ್ಮನೇದು ಅಂತ ನಮಗೆ ಗೊತ್ತಲ್ವಾ?"

ಇವರದು ಹಿನಕಲ್. ಅದು ಊರಾಗಿದ್ದ ಕಾಲದಲ್ಲಿ ಅಪ್ಪನಿಗೆ ಅಲ್ಲಿ ರಾಗಿ ಹೊಲವಿತ್ತು. ಹೊಲ ಸೈಟುಗಳಾಯಿತು, ರಾಗಿ ಬೆಳೆಯುತ್ತಿದ್ದ ಕಡೆ ಈಗ ಕಾಂಪೌಂಡು ಗೋಡೆಗಳಿವೆ. ಮಹದೇವು ಮಂಡಿ ಮೊಹಲ್ಲಾಕ್ಕೆ ಮೂಟೆ ಹೊರಲು ಬಂದವರು, ಮುದುಕನೊಬ್ಬ ಉಳಿ ಸುತ್ತಿಗೆಯಲ್ಲಿ ಹಿತ್ತಾಳೆಗೆ ಹೆಸರು ಹೊಡೆಯುವುದನ್ನು ನಿಂತು ನೋಡಿ, ನೋಡುತ್ತಲೇ ಕಲಿತರು. ಮಿಷನ್ನು ಆಮೇಲೆ ಬಂತು. ದಿನವಿಡೀ ಅದು ಅದುರಿ ಅದುರಿ ಈಗ ಬಲಗೈ ಬೆರಳುಗಳಿಗೆ ಜೋಮು ಹಿಡಿಯುತ್ತದೆ, ಅನ್ನ ಕಲಸುವಾಗ ಬಿಸಿ ತಿಳಿಯುವುದಿಲ್ಲ. ಹೆಂಡತಿ ಕೆಂಚಮ್ಮ ಮುಟ್ಟಿ ನೋಡಿ, ಆರಿದೆ ಎಂದ ಮೇಲೆಯೇ ಕೈಯಿಡುತ್ತಾರೆ. ದೊಡ್ಡ ಅಂಗಡಿಗಳಿಗೆ ಕಂಪ್ಯೂಟರಿನಲ್ಲಿ ಹೆಸರು ಹಾಕುವ ಯಂತ್ರ ಬಂದಿದೆ. ಮದುವೆಗೆ ಹೋಗುವ ಜನ ಕವರು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹೀಗಾಗಿ ಮೊದಲು ಆಷಾಢದಲ್ಲಿ ಮಾತ್ರ ಇರುತ್ತಿದ್ದ ಬಿಡುವು ಈಗ ವರ್ಷದಲ್ಲಿ ಅರ್ಧ ಭಾಗ ಇರುತ್ತದೆ.

ಅವರ ಕೆಲಸಕ್ಕೆ ಇರುವುದು ಒಂದೇ ಕಟ್ಟಳೆ. ಪಾತ್ರೆಯ ಮೇಲೆ ಏನಿರಬೇಕು ಎಂದು ಹೇಳಬೇಕಾದವರು ಕೊಡುವವರು. ತೆಗೆದುಕೊಳ್ಳುವವರೂ ಅಲ್ಲ, ಜೊತೆಯಲ್ಲಿ ಬಂದವರೂ ಅಲ್ಲ. ಈ ಜಗಲಿಯ ಮೇಲೆ ನಡೆದಿರುವ ಜಗಳಗಳು ಕಡಿಮೆಯಲ್ಲ. ಅಣ್ಣನ ಹೆಸರು ಮೊದಲೋ ತಮ್ಮನದೋ, ಹೆಂಡತಿಯ ಹೆಸರು ಸೇರಬೇಕೋ ಬೇಡವೋ, ತೀರಿಕೊಂಡ ತಂದೆಯ ಹೆಸರು ಹಾಕಬಹುದೋ ಇಲ್ಲವೋ ಎಂದು ಜನ ಕೊಳಗ ಹಿಡಿದುಕೊಂಡೇ ಕೂಗಾಡಿದ್ದಾರೆ. ಮಹದೇವು ಮಿಷನ್ನು ನಿಲ್ಲಿಸಿ ಸುಮ್ಮನೆ ಕೇಳುವುದು ಒಂದೇ ಮಾತು: "ಕೊಡೋರು ಯಾರು?" ಕೊಡುವವರು ಮುಂದೆ ಬಂದರೆ, "ಏನಂತ ಹಾಕ್ಬೇಕು, ಹೇಳಿ." ಜಗಳ ಅಲ್ಲಿಗೆ ಮುಗಿಯುತ್ತದೆ.

ಸ್ಟೀಲಿನ ಮೇಲೆ ಹಾಕಿದ್ದು ಅಳಿಸುವುದಿಲ್ಲ. ಉಜ್ಜಿದರೆ ಗಾಯವಾಗುತ್ತದೆ. ಅಪರೂಪಕ್ಕೆ ಕೈತಪ್ಪಾದರೆ ಮಹದೇವು ಆ ಮಾತಿನ ಮೇಲೆಯೇ ಎಲೆ, ಮೊಗ್ಗು, ಸುರುಳಿ ಸೇರಿಸಿ ಒಂದು ಬಳ್ಳಿ ಬಿಡಿಸಿಬಿಡುತ್ತಾರೆ. ಗಿರಾಕಿಗಳು ಚೆಂದಕ್ಕೆ ಬಿಡಿಸಿದ್ದೆಂದುಕೊಂಡು ಖುಷಿಯಲ್ಲಿ ಒಯ್ಯುತ್ತಾರೆ. ಬಳ್ಳಿಯ ಕೆಳಗೆ ಏನಿದೆಯೆಂದು ಅವರು ಇದುವರೆಗೆ ಯಾರಿಗೂ ಬಾಯಿಬಿಟ್ಟಿಲ್ಲ.

ನಿಮಗೆ ಮಕ್ಕಳೆಷ್ಟು ಎಂದು ಈ ಬರಹಕ್ಕಾಗಿ ಬಂದ ಪೇಪರಿನವರು ಮೊದಲ ದಿನ ಕೇಳಿದಾಗ, "ಇಬ್ಬರು ಮಕ್ಕಳು," ಎಂದು ಮಹದೇವು ಮಿಷನ್ನಿನ ಕಡೆಗೆ ತಲೆ ಬಗ್ಗಿಸಿದರು. ಗಂಡೆಷ್ಟು ಹೆಣ್ಣೆಷ್ಟು ಎಂದು ಕೇಳಿದ್ದು ಮಿಷನ್ನಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಕೇಳಿಸಿತು, ಉತ್ತರ ಕೊಡಲಿಲ್ಲ ಎನ್ನುವುದೇ ಸರಿ.

ದೊಡ್ಡವಳು ಸಿಂಚನ. ಅವಳ ಮದುವೆಯಾಗಿ ಕೆಲವು ವರ್ಷವಾಯಿತು. ರಾಮಕೃಷ್ಣನಗರದಲ್ಲಿ ಗಂಡ ಅಭಿಲಾಷ್ ಜೊತೆ ಸೇರಿ ಒಂದು ಪುಟ್ಟ ಮನೆ ಕಟ್ಟಿಸಿದ್ದಾಳೆ. ಚಿಕ್ಕವಳು ಚೈತನ್ಯ. ಕುವೆಂಪುನಗರದ ಒಂದು ಲ್ಯಾಬಿನಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಖಾಲಿ ಹೊಟ್ಟೆಯಲ್ಲಿ ಬರುವವರ ರಕ್ತ ತೆಗೆಯುವ ಕೆಲಸ. ಚೈತನ್ಯ ಮಗನಾಗಿ ಹುಟ್ಟಿದವಳು, ಮಗನಾಗಿಯೇ ಬೆಳೆದವಳು. ಎರಡು ವರ್ಷದ ಹಿಂದೆ ಒಂದು ಸಂಜೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು, ನಾನು ಹುಡುಗ ಅಲ್ಲ, ಯಾವತ್ತೂ ಆಗಿರಲಿಲ್ಲ, ಇನ್ನು ಮೇಲೆ ಹೆಣ್ಣಾಗಿಯೇ ಇರುತ್ತೇನೆ ಎಂದಳು. ಹೆಸರು ಗಂಡಿಗೂ ಹೆಣ್ಣಿಗೂ ಸಲ್ಲುವಂಥದ್ದಾಗಿದ್ದರಿಂದ ಅದನ್ನು ಬದಲಾಯಿಸುವ ಗೋಜು ಬರಲಿಲ್ಲ. ಈ ಬರಹದಲ್ಲಿ ಚೈತನ್ಯ ಅವಳೇ. ಅವಳು ಕೇಳಿಕೊಂಡದ್ದೂ ಅಷ್ಟೇ.

ಆ ಸಂಜೆ ಮಹದೇವು ಬಯ್ಯಲಿಲ್ಲ, ಅಳಲಿಲ್ಲ. ಊಟ ಮಾಡು ಎಂದು ಹೇಳಿ ಎದ್ದುಹೋದರು. ಅಂದಿನಿಂದ ಅವರು ಮನೆಯಲ್ಲಿ ಮಾತನ್ನು ತೂಗಿ ಆಡುತ್ತಿದ್ದಾರೆ. ಚೈತನ್ಯ ಬಂತಾ ಎನ್ನುವುದಿಲ್ಲ, ಬಂದನಾ ಬಂದಳಾ ಎನ್ನುವುದಿಲ್ಲ. "ಚೈತನ್ಯಂದು ಊಟ ಆಯ್ತಾ?" ಎಂದು ಕೇಳಿ ಪಾರಾಗುತ್ತಾರೆ. ಎರಡು ವರ್ಷ ಹೀಗೆ ನುಣುಚಿಕೊಂಡು ಬಂದ ಮನುಷ್ಯನನ್ನು ಈ ಪಾತ್ರೆ ಹಿಡಿದು ಕೂರಿಸಿಬಿಟ್ಟಿದೆ.

ಅದು ಹಾಲುಕ್ಕಿಸುವ ಪಾತ್ರೆ. ಇವರ ಕಡೆ ಹೊಸ ಮನೆಯ ಒಲೆಯ ಮೇಲೆ ಮೊದಲು ಹಾಲುಕ್ಕಿಸುವ ಪಾತ್ರೆ ಮನೆಯೊಡತಿಯ ತವರಿನಿಂದಲೇ ಬರಬೇಕು, ಒಡಹುಟ್ಟಿದವರೇ ತರಬೇಕು. ಚೈತನ್ಯ ತನ್ನ ಸಂಬಳದಲ್ಲಿ, ಅಪ್ಪ ಕೂರುವ ಅಂಗಡಿಯಲ್ಲೇ ಆರಿಸಿ ಕೊಂಡಿದ್ದಾಳೆ. ಗೃಹಪ್ರವೇಶದ ದಿನ ಬೀಗರ ಮನೆಯ ಹಿರಿಯರು ಹೊಸ್ತಿಲಲ್ಲಿ ನಿಂತು ಅದನ್ನು ಕೈಗೆ ತೆಗೆದುಕೊಂಡು, ಮೇಲಿರುವುದನ್ನು ಬಂದವರೆಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ತಂದವರು ತಮ್ಮನಾದರೆ ತಟ್ಟೆಯಲ್ಲಿ ಪಂಚೆ, ತಂಗಿಯಾದರೆ ಕುಂಕುಮವಿಟ್ಟು ಸೀರೆ. ಸಿಂಚನಳ ಮದುವೆಯಲ್ಲಿ ತವರಿನ ಪಾತ್ರೆಗಳ ಮೇಲೆಲ್ಲ ಮಹದೇವು ತಾವೇ ಹಾಕಿದ್ದು, "ತಮ್ಮ ಚೈತನ್ಯ" ಎಂದು. ಅಂದು ಅದನ್ನು ಓದಿದವರು ಸಿಂಚನಳ ಮಾವ ನಂಜುಂಡಸ್ವಾಮಿ, ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ಟರು. ಈ ಸಲ ಓದುವವರೂ ಅವರೇ.

ಹೀಗಾಗಿ ಆ ಒಂದು ಮಾತಿನ ಮೇಲೆ ಮನೆಯವರದೆಲ್ಲ ಒಂದೊಂದು ಅಭಿಪ್ರಾಯ. ಚೈತನ್ಯ ಗಲಾಟೆ ಮಾಡುವವಳಲ್ಲ. ತಮ್ಮ ಅಂತ ಹಾಕಿದರೆ ಆ ದಿನ ತನಗೆ ಡ್ಯೂಟಿ ಇರುತ್ತದೆ ಎಂದಷ್ಟೇ ಹೇಳಿದ್ದಾಳೆ. ಅವಳ ಗೆಳತಿಯರಲ್ಲಿ ಕೆಲವರು, ನಮ್ಮನ್ನು ಹೇಗೆ ಕರೆಯಬೇಕು ಎನ್ನುವುದನ್ನು ಎಲ್ಲರೂ ಅಂಗಿಯ ಮೇಲೆ ಬಿಲ್ಲೆ ಹಾಕಿಕೊಂಡು ತೋರಿಸಬೇಕು ಎನ್ನುವವರು. ಇವಳಿಗೆ ಅದೂ ಬೇಡ. ಲ್ಯಾಬಿನಲ್ಲಿ ಒಬ್ಬರು ಸಿಸ್ಟರ್ ಎನ್ನುತ್ತಾರೆ, ಇನ್ನೊಬ್ಬರು ಸರ್ ಎನ್ನುತ್ತಾರೆ, ಇವಳು ಇಬ್ಬರಿಗೂ ನೋವಾಗದ ಹಾಗೆ ಸೂಜಿ ಚುಚ್ಚುತ್ತಾಳೆ. "ಊರಿಗೆಲ್ಲ ಪಾಠ ಹೇಳೋಕೆ ನನಗೆ ಆಗಲ್ಲ. ನಮ್ಮ ಮನೆಯವರು ಸರಿಯಾಗಿ ಕರೆದ್ರೆ ಸಾಕು," ಎನ್ನುತ್ತಾಳೆ.

ಸಿಂಚನ ಫೋನಿನಲ್ಲಿ ತಂಗಿಯನ್ನು ತಂಗಿ ಎಂದೇ ಕರೆಯುತ್ತಾಳೆ. ಆದರೆ ಹೊಸ್ತಿಲಲ್ಲಿ ಮಾವ ಓದುವುದನ್ನು ನೆನೆದರೆ ಅವಳಿಗೆ ಹೆದರಿಕೆಯಾಗುತ್ತದೆ. ಈ ಮನೇಲಿ ಬಾಳಬೇಕಾದವಳು ನಾನು, ಇದೊಂದು ದಿನ ಹೇಗಾದರೂ ಕಳೆಯಲಿ, ತಮ್ಮ ಎಂದೇ ಹಾಕಿ ಎಂದು ಅಪ್ಪನಿಗೆ ಹೇಳಿದ್ದಾಳೆ. ಕೆಂಚಮ್ಮನವರದು ಬೇರೆಯೇ ದಾರಿ. ಅವರಿಗೆ ಅವನು ಎನ್ನಲೂ ಬಾಯಿ ಬರುವುದಿಲ್ಲ, ಅವಳು ಎನ್ನಲೂ ನಾಲಗೆ ಹೊರಳುವುದಿಲ್ಲ. ಅದಕ್ಕೆ ಚೈತನ್ಯಳನ್ನು "ಅದು" ಎನ್ನುತ್ತಾರೆ. ನಾನೇನು ಸಾಮಾನಾ ಎಂದು ಅವಳು ಒಮ್ಮೆ ಅತ್ತಾಗ ಈ ತಾಯಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಕೂಸನ್ನ ಅದು ಅನ್ನದೆ ಇನ್ನೇನು ಅಂತಾರೆ? ನಾನು ಹೆತ್ತಾಗ್ಲೂ ಅಂಗೇ ಅಂದಿದ್ದು," ಎನ್ನುತ್ತಾರೆ. ಅಂಗಡಿಯ ಯಜಮಾನರು ಮೃತ್ಯುಂಜಯ, ಬಾಯಿ ಚುರುಕು, ಮನಸ್ಸು ಮೆತ್ತಗೆ. ಮನೆಯೊಳಗೆ ಏನು ಬೇಕಾದರೂ ಕರೆದುಕೊಳ್ಳಿ, ಆದರೆ ಪಾತ್ರೆ ನಾಲ್ಕು ಜನರ ಕೈಗೆ ಹೋಗುವಂಥದ್ದು, ಅದರ ಮೇಲೆ ಬರೀ ಹೆಸರು ಹಾಕಿ ಕೈಬಿಡಿ ಎಂಬುದು ಅವರ ಸಲಹೆ. ಮಹದೇವು ಅದನ್ನೂ ಯೋಚಿಸಿದರು. ಸಂಬಂಧ ಹೇಳದ ಪಾತ್ರೆ ತವರಿನಿಂದ ಹೋದರೆ, ಯಾರೋ ಬಾಡಿಗೆಯವರು ಕೊಟ್ಟ ಹಾಗಾಗುತ್ತದೆ ಎಂದು ಮನಸ್ಸು ಒಪ್ಪಲಿಲ್ಲ.

ಈ ಮನುಷ್ಯನಿಗೆ ನಿದ್ದೆ ಹತ್ತುತ್ತಿಲ್ಲ. ಮೊದಲೇ ಕಡಿಮೆಯಿದ್ದ ಊಟ ಇನ್ನೂ ಕಡಿಮೆಯಾಗಿದೆ. "ಯಾವ್ ಮಾತು ಹಾಕಿದ್ರೂ ಒಂದು ಕೂಸು ಕಳ್ಕತೀನಿ. ತಮ್ಮ ಅಂದ್ರೆ ಚಿಕ್ಕದು ಮನೆ ಬುಟ್ಟು ಹೋಯ್ತದೆ. ತಂಗಿ ಅಂದ್ರೆ ದೊಡ್ಡದು ಬೀಗ್ರ ಮುಂದೆ ತಲೆ ತಗ್ಗಿಸ್ಬೇಕಾಯ್ತದೆ," ಎಂದು ಅವರು ಹೇಳುವಾಗ ಕೈಯಲ್ಲಿ ಮಿಷನ್ನು ಸುಮ್ಮನೆ ಅದುರುತ್ತಿದೆ. ಅದನ್ನು ಆರಿಸಲೂ ಅವರಿಗೆ ನೆನಪಾಗುವುದಿಲ್ಲ.

ಗೃಹಪ್ರವೇಶಕ್ಕೆ ಎರಡು ದಿನ ಇದೆ ಎನ್ನುವಾಗ ಆಗಬಾರದ್ದು ಆಯಿತು. ಯಾವುದೋ ಮದುವೆಯ ಪಾತ್ರೆಗಳ ಸಾಲು ಮುಂದಿತ್ತು. ಸಿಂಚನ ಆಗತಾನೇ ಫೋನು ಮಾಡಿ, ಏನು ಹಾಕಿದಿರಿ ಅಪ್ಪ ಎಂದು ಕೇಳಿ, ಉತ್ತರ ಸಿಗದೆ ಅತ್ತು ಇಟ್ಟಿದ್ದಳು. ಇನ್ನು ತಡಮಾಡಬಾರದು ಎಂದು ಮಹದೇವು ಪೇಪರು ಬಿಚ್ಚಿ ಆ ಪಾತ್ರೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡರು. ಏನು ಹಾಕುವುದೆಂದು ಇನ್ನೂ ತೀರ್ಮಾನಿಸಿರಲಿಲ್ಲ. ಮಗಳ ಅಳು ಕಿವಿಯಲ್ಲಿತ್ತು, ಕೈ ಮಾತ್ರ ಅವಳ ಮದುವೆಯ ಕಾಲದಲ್ಲಿ ಬರೆದು ಬರೆದು ರೂಢಿಯಾದದ್ದನ್ನು ತನ್ನ ಪಾಡಿಗೆ ಬರೆದುಕೊಂಡು ಹೋಯಿತು. ಎಚ್ಚೆತ್ತು ನೋಡಿದಾಗ "ತಮ್ಮ ಚೈತನ್ಯ" ಎಂದಿತ್ತು. ದುಂಡಗೆ, ಮುದ್ದಾಗಿ, ಒಂದು ಚುಕ್ಕಿಯೂ ಆಚೀಚೆಯಾಗದ ಹಾಗೆ.

ಅವರು ಮಾಡಿದ್ದು ಮೂವತ್ತು ವರ್ಷದಿಂದ ಮಾಡುತ್ತಿದ್ದುದನ್ನೇ. ಯಾರೂ ಬರುವುದರೊಳಗೆ ಆ ಸಾಲಿನ ಮೇಲೆ ಒಂದು ಬಳ್ಳಿ ಬಿಡಿಸಿಬಿಟ್ಟರು. ಎಲೆಯ ಮೇಲೆ ಎಲೆ, ಸುರುಳಿಯ ಮೇಲೆ ಸುರುಳಿ. ಅಷ್ಟು ದಟ್ಟವಾದ ಬಳ್ಳಿಯನ್ನು ಅವರು ಹಿಂದೆಂದೂ ಬಿಡಿಸಿದ್ದಿಲ್ಲ.

ಚೈತನ್ಯಳ ಸ್ಕೂಟರು ಜಗಲಿಯ ಮುಂದೆ ನಿಂತದ್ದು ಆಗಲೇ. ಲ್ಯಾಬಿಗೆ ಹೋಗುವ ದಾರಿ ಇದಲ್ಲ, ಅವಳು ಸುತ್ತು ಹಾಕಿಕೊಂಡು ಬಂದಿದ್ದಳು. ಸ್ಕೂಟರಿನ ಕೊಕ್ಕೆಗೆ ಊಟದ ಡಬ್ಬಿ ನೇತಾಡುತ್ತಿತ್ತು. ಅವಳು ಒಂದನೇ ಕ್ಲಾಸಿಗೆ ಸೇರಿದಾಗ ಅಪ್ಪ ಹೆಸರು ಹಾಕಿಕೊಟ್ಟ ಡಬ್ಬಿಯದು, ಅಕ್ಷರ ಸವೆದರೂ ಅವಳು ಬೇರೆ ಕೊಂಡಿಲ್ಲ. ಪಾತ್ರೆಯನ್ನು ಎತ್ತಿ ತಿರುಗಿಸಿ ನೋಡಿದಳು. ಬಳ್ಳಿ ಯಾಕೆ ಬಂತು ಎಂದು ಕೇಳಿದಳು. ಚೆಂದ ಕಾಣಲಿ ಅಂತ ಎಂದರು ಮಹದೇವು.

"ಅಪ್ಪ, ನಾನು ಈ ಜಗಲಿ ಮೇಲೆ ಬೆಳೆದೋಳು. ಕೆಳಗೆ ಏನಿದೆ ಹೇಳು."

"ತಮ್ಮ ಅಂತ ಹಾಕ್ಬುಟ್ಟೆ," ಎಂದರು ಮಹದೇವು. "ಕೈ ಹಾಕ್ತೋ ಮನಸ್ಸೇ ಹಾಕಿಸ್ತೋ, ನಂಗೇ ಗೊತ್ತಿಲ್ಲ."

ಚೈತನ್ಯ ಪಾತ್ರೆಯನ್ನು ಗೋಣಿಚೀಲದ ಮೇಲೆ ಮೆಲ್ಲಗೆ ಇಟ್ಟಳು. ಚೆನ್ನಾಗಿದೆ, ಕೊಟ್ಟುಬಿಡಿ, ಶುಕ್ರವಾರ ನನಗೆ ಡ್ಯೂಟಿ ಇದೆ ಎಂದು ಹೇಳಿ ಹೆಲ್ಮೆಟ್ಟು ಹಾಕಿಕೊಂಡಳು. ಎರಡು ವರ್ಷದಿಂದ ಯಾವ ಮಾತು ಬಂದೀತೆಂದು ಮಹದೇವು ಹೆದರಿಕೊಂಡಿದ್ದರೋ ಆ ಮಾತು ಬಂದಿತ್ತು. ಅದು ಇಷ್ಟು ತಣ್ಣಗೆ ಬರುತ್ತದೆಂದು ಅವರು ಎಣಿಸಿರಲಿಲ್ಲ. ಸ್ಕೂಟರು ಸ್ಟಾರ್ಟ್ ಆಯಿತು. ತಡೆಯಲು ಹೋದ ಅವರ ಬಾಯಿಗೆ ಬಂದದ್ದು ದಿನವೂ ಗಿರಾಕಿಗಳಿಗೆ ಹೇಳುವ ಮಾತು.

"ಕೊಡೋರು ಯಾರು?"

ಚೈತನ್ಯ ತಿರುಗಿ ನೋಡಿದಳು. ಮಹದೇವು ಮಿಷನ್ನನ್ನು ಕೈಗೆತ್ತಿಕೊಂಡಿದ್ದರು. ಬಳ್ಳಿಯ ಕೆಳಗೆ ಇನ್ನೊಂದು ಸಾಲಿಗೆ ಜಾಗವಿತ್ತು. ಅವರು ಅದನ್ನು ಹೆಬ್ಬೆರಳಿನಿಂದ ಒರೆಸಿ, ಬೇರೆ ಯಾವುದೇ ಗಿರಾಕಿಯನ್ನು ಕೇಳುವಂತೆಯೇ ಕೇಳಿದರು. "ಏನಂತ ಹಾಕ್ಬೇಕು, ಹೇಳಿ."

"ಅಕ್ಕನಿಗೆ, ತಂಗಿ ಚೈತನ್ಯ."

ಇನ್ನೇನಾದರೂ ಸೇರಿಸಬೇಕೇ ಎಂದು ಅವರು ವಾಡಿಕೆಯಂತೆ ಕೇಳಿದರು. ಅಷ್ಟೇ ಸಾಕು ಎಂದಳು. ಬರೆದು ಮುಗಿಯುವವರೆಗೂ ಅವಳು ಹೆಲ್ಮೆಟ್ಟು ತೆಗೆಯಲಿಲ್ಲ. ಒಳಗೆ ಅಳುತ್ತಿದ್ದಳೋ ಏನೋ ಎಂದು ಮಹದೇವು ಈಗಲೂ ಅನುಮಾನಪಡುತ್ತಾರೆ.

ಶುಕ್ರವಾರ ಬೆಳಕು ಹರಿಯುವ ಮೊದಲು ಆಟೋದಲ್ಲಿ ಹೋಗುವಾಗ ಪಾತ್ರೆ ಕೆಂಚಮ್ಮನವರ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಅವರು ಆ ಸಾಲಿನ ಮೇಲೆ ಸೆರಗು ಮುಚ್ಚಿಕೊಂಡೇ ಕೂತಿದ್ದರು. ಚೈತನ್ಯ ತಿಳಿಹಸಿರು ಚೂಡಿದಾರ ತೊಟ್ಟು ಪಕ್ಕದಲ್ಲಿದ್ದಳು. ಮಹದೇವು ಅವರಿಗೆ ಬೆರಳುಗಳ ಜೋಮು ಮೊಣಕೈವರೆಗೂ ಏರಿದ ಹಾಗಿತ್ತು. ರಾಮಕೃಷ್ಣನಗರದ ಆ ಹೊಸ ಮನೆಯ ಮುಂದೆ ಚಪ್ಪರ, ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಲ್ಲಿ ಬಿಳಿ ಪಂಚೆಯ ನಂಜುಂಡಸ್ವಾಮಿ ಕೈಚಾಚಿ ನಿಂತಿದ್ದರು. ಅವರ ಬೆನ್ನ ಹಿಂದೆ ಸಿಂಚನಳ ಮುಖ ಸುಣ್ಣದಂತಾಗಿತ್ತು.

ಕೆಂಚಮ್ಮ ಪಾತ್ರೆಯನ್ನು ತಾವು ಕೊಡಲಿಲ್ಲ. ಚೈತನ್ಯಳ ಕೈಗಿಟ್ಟು, ಸೆರಗನ್ನು ತಾವೇ ಸರಿಸಿದರು. ನಂಜುಂಡಸ್ವಾಮಿ ತೆಗೆದುಕೊಂಡು, ಕನ್ನಡಕ ಏರಿಸಿ, ಪಾತ್ರೆಯನ್ನು ಬೆಳಕಿಗೆ ತಿರುಗಿಸಿದರು. ಬಳ್ಳಿ ನೋಡಿದರು. ಕೆಳಗಿನ ಸಾಲು ನೋಡಿದರು. ಚೈತನ್ಯಳನ್ನು ನೋಡಿದರು. ಚಪ್ಪರದಲ್ಲಿ ಯಾರದೋ ಮಗು ಅತ್ತಿತು. ಆಮೇಲೆ ಆ ಮೇಷ್ಟರ ಕಂಠ, ಏರದೆ ಇಳಿಯದೆ, ಕೊನೆಯ ಕುರ್ಚಿಗೂ ಕೇಳುವಂತೆ ಓದಿತು: "ಅಕ್ಕನಿಗೆ, ತಂಗಿ ಚೈತನ್ಯ."

ಚಪ್ಪರದಲ್ಲಿ ಗುಸುಗುಸು ಎದ್ದಿತು. ಮುಹೂರ್ತ ಮೀರುತ್ತದೆ, ಒಳಗೆ ನಡೆಯಿರಿ ಎಂದು ಅಭಿಲಾಷ್ ಅವಸರ ಮಾಡಿದ. ಸಿಂಚನ ಪಂಚೆ ಮತ್ತು ಸೀರೆ ಎರಡನ್ನೂ ತಂದಿಟ್ಟುಕೊಂಡಿದ್ದಳಂತೆ. ಯಾವುದು ಬೇಕಾಗುತ್ತದೋ ಅವಳಿಗೂ ತಿಳಿದಿರಲಿಲ್ಲ. ಅವಳು ಸೀರೆಯ ತಟ್ಟೆ ಹಿಡಿದು ಬಂದು ತಂಗಿಯ ಹಣೆಗೆ ಕುಂಕುಮವಿಟ್ಟಳು. ಕುಂಕುಮ ಮೂಗಿನ ಮೇಲೆಲ್ಲ ಉದುರಿತು. ಒಳಗೆ ಹಾಲು ಉಕ್ಕಿತು.

ಎಲ್ಲರೂ ಒಪ್ಪಿಬಿಟ್ಟರು ಎಂದು ಯಾರೂ ತಿಳಿಯಬಾರದು. ಊಟದ ಹೊತ್ತಿಗೆ ನಂಜುಂಡಸ್ವಾಮಿ ಮಹದೇವು ಅವರನ್ನು ಪಕ್ಕಕ್ಕೆ ಕರೆದರು. "ಪಾತ್ರೇಲಿ ಇದ್ದದ್ದನ್ನ ಓದಿದೀನಿ, ಬೀಗ್ರೇ. ಒಪ್ಪಿದೀನಿ ಅಂತ ಅಲ್ಲ. ಈ ವಯಸ್ಸಲ್ಲಿ ನನ್ನ ಬುದ್ಧಿಗೆ ಇದು ಹತ್ತಲ್ಲ." ಓದಿದಿರಲ್ಲ, ಅಷ್ಟೇ ಸಾಕು ಎಂದು ಮಹದೇವು ಕೈಮುಗಿದರು. ನಂಜುಂಡಸ್ವಾಮಿ ಮಾತ್ರ ಬೀಗರ ಜೊತೆ ಪಂಕ್ತಿಯಲ್ಲಿ ಕೂರಲಿಲ್ಲ, ಎರಡನೇ ಪಂಕ್ತಿಗೆ ಉಳಿದುಕೊಂಡರು. ಕೆಂಚಮ್ಮ ಈಗಲೂ ಅದು ಎಂದೇ ಕರೆಯುತ್ತಾರೆ, ಚೈತನ್ಯ ಈಗಲೂ ಸಿಡುಕುತ್ತಾಳೆ. ದೀಪಾವಳಿಗೆ ಬೀಗರ ಮನೆಯಿಂದ ಚೈತನ್ಯಳಿಗೂ ಕರೆ ಬರುತ್ತದೋ ತಮಗಿಬ್ಬರಿಗೇ ಬರುತ್ತದೋ ಎಂಬ ಚಿಂತೆ ಮಹದೇವು ಅವರಿಗೆ ಆಗಲೇ ಶುರುವಾಗಿದೆ.

ಈ ಮುಂಜಾನೆ ಮತ್ತೆ ಅದೇ ಜಗಲಿ, ಅದೇ ಬಲ್ಬು, ಅದೇ ನಾಯಿ. ಪೇಪರಿನವರು ಹೊರಡಲು ಎದ್ದಾಗ ಮಹದೇವು ಮಿಷನ್ನು ಆರಿಸುತ್ತಾರೆ. ಹಾಲುಕ್ಕಿದ ಪಾತ್ರೆ ತೊಳೆಯುವಾಗ, ಬಳ್ಳಿ ಎಷ್ಟು ಚೆಂದ ಬಂದಿದೆ ಅಪ್ಪ ಎಂದು ಸಿಂಚನ ಹೇಳಿದಳಂತೆ. ಅದರ ಕೆಳಗೆ ಏನಿದೆ ಎಂದು ಇವರು ಅವಳಿಗೆ ಹೇಳಿಬಿಟ್ಟರಂತೆ. ಬೇರೆ ಪಾತ್ರೆಗಳ ಬಳ್ಳಿಯ ಗುಟ್ಟು ಇದುವರೆಗೆ ಅವರ ಬಾಯಿಂದ ಹೊರಬಿದ್ದದ್ದಿಲ್ಲ, ಇದನ್ನು ಮಾತ್ರ ಯಾರು ಕೇಳಿದರೂ ಹೇಳುತ್ತೇನೆ ಎನ್ನುತ್ತಾರೆ. ಆಮೇಲೆ ಜೋಮು ಹಿಡಿದ ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚುತ್ತಾರೆ.

"ಮಕ್ಕಳೆಷ್ಟು ಅಂತ ಅವತ್ತು ಕೇಳಿದ್ರಲ್ಲ," ಎನ್ನುತ್ತಾರೆ. "ಇಬ್ಬರೂ ಹೆಣ್ಣುಮಕ್ಕಳು. ಹೇಳ್ತಾ ಇರೋನು ನಾನು. ಅಂಗೇ ಹಾಕಿ."